ಒಡ್ಡಿನಾಚೆಯ ಸಂಸಾರ



ನಿಮ್ಮ ಮನೆಯ ಬಾವಿ ನೀರಿಗೆ ಒಂದು ದಿನ ಇದ್ದಕ್ಕಿದ್ದಂತೆ ಉಪ್ಪು ಬಂದರೆ ಏನಾಗುತ್ತದೆ ಗೊತ್ತೇ? ಬೇಳೆ ಬೇಯುವುದಿಲ್ಲ. ಚಹಾಕ್ಕೆ ಹಾಲು ಹಾಕಿದರೆ ಒಡೆಯುತ್ತದೆ. ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ತಲೆಕೂದಲು ತೆಂಗಿನ ನಾರಿನ ಹಾಗೆ ಆಗುತ್ತದೆ. ಬಸಳೆ ಚಪ್ಪರ ಎಂಟು ದಿನದಲ್ಲಿ ಹಳದಿಯಾಗಿ ಬೀಳುತ್ತದೆ. ಇದೆಲ್ಲ ನಾನು ಪುಸ್ತಕ ಓದಿ ಬರೆಯುತ್ತಿಲ್ಲ, ಅನುಭವಿಸಿ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಬರೆಯುವುದೆಂದರೆ ಕಿರಾಣಿ ಸಾಮಾನಿನ ಚೀಟಿ, ಸಂಘದ ಲೆಕ್ಕದ ಪುಸ್ತಕ, ಅಷ್ಟೇ. ತಪ್ಪಿದ್ದರೆ ನಿಮ್ಮ ಮನೆಯ ತಂಗಿ ಬರೆದದ್ದೆಂದು ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ತವರು ಘಟ್ಟದ ಮೇಲೆ, ಶಿರಸಿಯ ಕಡೆ. ಅಘನಾಶಿನಿ ಹೊಳೆ ಹುಟ್ಟುವುದೂ ಆ ಕಡೆಯೇ. ಅಲ್ಲಿ ಅದು ಮಕ್ಕಳು ದಾಟುವ ಹಳ್ಳ. ಘಟ್ಟ ಇಳಿದು, ಕುಮಟಾ ತಾಲೂಕಿನ ಬಯಲಿಗೆ ಬಂದು, ತದಡಿಯ ಹತ್ತಿರ ಸಮುದ್ರ ಸೇರುವಾಗ ಆಚೆ ದಡದ ಮನೆ ಬೆಂಕಿಪೊಟ್ಟಣದ ಹಾಗೆ ಕಾಣುತ್ತದೆ. ಈ ಹೊಳೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲ. ನಾನು 2001ರಲ್ಲಿ ಮದುವೆಯಾಗಿ ಬಂದದ್ದು ಇದೇ ಹೊಳೆಯ ಅಳಿವೆಯ ಊರಿಗೆ. ಹುಟ್ಟಿದ್ದು ಹೊಳೆಯ ತಲೆಯಲ್ಲಿ, ಬಾಳುವೆ ಮಾಡುವುದು ಹೊಳೆಯ ಬಾಯಲ್ಲಿ!

ಬಂದ ಹೊಸದರಲ್ಲಿ ನನಗೆ ಎಲ್ಲವೂ ವಿಚಿತ್ರ. ಬೆಳಿಗ್ಗೆ ನೋಡಿದ ನೀರು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ, ಬರೇ ಕೆಸರು. ಸಂಜೆಗೆ ಮತ್ತೆ ತುಂಬಿ ಒಡ್ಡಿನ ಬುಡ ಮುಟ್ಟುತ್ತಿತ್ತು. ಇವರು “ಭರತ, ಇಳಿತ” ಎಂದು ಹೇಳಿಕೊಟ್ಟರು. ಒಡ್ಡಿನ ಒಳಗೆ ನಮ್ಮ ಎರಡು ಎಕರೆ ಗಜನಿ ಗದ್ದೆ. ಗಜನಿಯೆಂದರೆ ನಿಮ್ಮಲ್ಲಿ ಕೆಲವರಿಗೆ ತಿಳಿಯಲಿಕ್ಕಿಲ್ಲ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಉಪ್ಪನ್ನು ತಳ್ಳಿದಾಗ ಇಲ್ಲಿ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಅದು ಸ್ವಲ್ಪ ಉಪ್ಪನ್ನೂ ತಡೆದುಕೊಳ್ಳುತ್ತದೆ, ನೆರೆಯಲ್ಲಿ ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ತೂಬಿನ ಹಲಗೆ ತೆಗೆದು ಭರತದ ನೀರು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸಿಗಡಿ ಮರಿ, ಮೀನು ಮರಿ ಬರುತ್ತವೆ. ಕೊಳೆತ ಕೂಳೆ ಅವಕ್ಕೆ ಊಟ, ಅವುಗಳ ಹೊಲಸು ಮುಂದಿನ ಭತ್ತಕ್ಕೆ ಗೊಬ್ಬರ. ನಾವು ದೋಸೆಹಿಟ್ಟಿನ ಪಾತ್ರೆಯ ತಳದಲ್ಲಿ ಸ್ವಲ್ಪ ಹಳೇ ಹಿಟ್ಟು ಉಳಿಸಿ ಮಾರನೆಯ ದಿನದ ಹಿಟ್ಟಿಗೆ ಸೇರಿಸುತ್ತೇವಲ್ಲ, ಹಾಗೆ ಒಂದರಿಂದ ಇನ್ನೊಂದು.

ಆದರೆ ನಾನು ಬರುವ ಹೊತ್ತಿಗೆ ಈ ಸಂಸಾರ ಮುರಿದುಬಿದ್ದಿತ್ತು. ತೊಂಬತ್ತರ ದಶಕದ ಮೊದಲಲ್ಲಿ ಸಿಗಡಿ ಕೃಷಿಯೆಂಬ ಹುಚ್ಚು ಕರಾವಳಿಗೆಲ್ಲ ಹಿಡಿದಿತ್ತಂತೆ. ನಮ್ಮ ಮಾವನವರೂ ಅಕ್ಕಪಕ್ಕದವರೂ ಗಜನಿಯನ್ನು ಹೊರಗಿನ ಗುತ್ತಿಗೆದಾರರೊಬ್ಬರಿಗೆ ಕೊಟ್ಟರು. ಅವರು ಹೊಂಡ ತೋಡಿಸಿದರು, ಒಡ್ಡಿನ ಹೊರಗಿದ್ದ ಕಾಂಡ್ಲಾ ಗಿಡ ಕಡಿಸಿದರು, ಭರತದ ನೀರು ಬಂದುಹೋಗುವ ಸಣ್ಣ ಕೋಡಿಗೆ ಅಡ್ಡ ಮಣ್ಣು ಹಾಕಿಸಿದರು. ಎರಡು ವರ್ಷ ಹಣ ಬಂತು, ಮನೆಗೆ ಹಂಚು ಬಂತು. ಆಮೇಲೆ 1994–95ರ ಸುಮಾರಿಗೆ ದೇಶದ ಕರಾವಳಿಯಲ್ಲೆಲ್ಲ ಹಬ್ಬಿದ ಬಿಳಿಚುಕ್ಕೆ ರೋಗ ಇಲ್ಲಿಗೂ ಬಂದು ಸಿಗಡಿಯೆಲ್ಲ ಸತ್ತು ತೇಲಿತು. ಗುತ್ತಿಗೆದಾರರು ಹೋದರು, ಹೊಂಡ ಉಳಿಯಿತು. 1996ರಲ್ಲಿ ಸುಪ್ರೀಂ ಕೋರ್ಟು ಸಮುದ್ರದಂಚಿನ ಇಂಥ ಸಿಗಡಿ ಹೊಂಡಗಳ ಮೇಲೆ ತೀರ್ಪು ಕೊಟ್ಟಾಗ ನಮ್ಮಲ್ಲಿ ಮುಚ್ಚಲು ಏನೂ ಉಳಿದಿರಲಿಲ್ಲ.

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕಾಂಡ್ಲಾ ಎಂದರೆ ಉಪ್ಪುನೀರಿನ ಕೆಸರಿನಲ್ಲೇ ಬೆಳೆಯುವ ಗಿಡ. ಬಿಳಲುಗಳ ಮೇಲೆ ನಿಂತ ಹಾಗೆ, ಜೇಡನ ಕಾಲಿನ ಹಾಗೆ ಬೇರು. ಗುತ್ತಿಗೆದಾರರು ಕಡಿದು ಉಳಿದ ನಾಲ್ಕಾರು ಗಿಡ ನಮ್ಮ ಒಡ್ಡಿನ ಮೂಲೆಯಲ್ಲಿತ್ತು. ಅದರ ಸೌದೆ ಬಹಳ ಚೆನ್ನಾಗಿ ಉರಿಯುತ್ತದೆ. ಹೊಸ ಸೊಸೆ, ಸ್ನಾನದ ಒಲೆಗೆ ಸೌದೆ ಬೇಕು. ನಾನೇ ಕತ್ತಿ ಹಿಡಿದು ಹೋಗಿ ಕಡಿದು ತರುತ್ತಿದ್ದೆ. ಅತ್ತೆ ಒಂದೆರಡು ಸಲ, “ಒಣಗಿದ್ದು ಮಾತ್ರ ತಗೊಳ್ಳೇ, ಹಸಿ ಕಡೀಬೇಡ” ಅಂದರು. ಘಟ್ಟದ ಮೇಲಿಂದ ಬಂದವಳಿಗೆ ಸೌದೆಯ ಬುದ್ಧಿ ಹೇಳುವುದೇ ಎಂದು ನನಗೆ ಬಿಂಕ. ಮೂರು ವರ್ಷದಲ್ಲಿ ಮೂಲೆ ಬೋಳಾಯಿತು.

2009ರ ಮಳೆಗಾಲದ ಒಂದು ಅಮಾವಾಸ್ಯೆ ರಾತ್ರಿ, ಮೇಲಿಂದ ನೆರೆ, ಕೆಳಗಿಂದ ಭರತ, ಎರಡೂ ಒಟ್ಟಿಗೆ ಬಂದವು. ಒಡ್ಡು ಒಡೆದದ್ದು ಎಲ್ಲಿ ಎಂದು ಕೇಳಿದಿರಾ? ಅದೇ ಬೋಳು ಮೂಲೆಯಲ್ಲಿ. ಆ ರಾತ್ರಿ ನೆರೆಯ ಸಿಹಿನೀರೇ ಜಾಸ್ತಿ ಇತ್ತು, ನಮಗೆ ಪೆಟ್ಟು ಬಿದ್ದದ್ದು ಆಮೇಲೆ. ಒಡೆದ ಬಾಯಿಯಿಂದ ದಿನಕ್ಕೆ ಎರಡು ಸಲ ಭರತ ಒಳಗೆ ನುಗ್ಗತೊಡಗಿತು. ಮಳೆ ಕಡಿಮೆಯಾದ ಹಾಗೆ ಅದು ಉಪ್ಪಾಯಿತು. ದೀಪಾವಳಿ ಹೊತ್ತಿಗೆ ಬಾವಿ ಹೋಯಿತು. ಮಗಳಿಗೆ ಆಗ ಆರು ವರ್ಷ. ನೀರು ಬಾಯಿಗಿಟ್ಟು ಉಗಿದು, “ಅಮ್ಮಾ, ಬಾವಿ ಅಳ್ತಾ ಇದೆ” ಅಂದಳು. ಕಣ್ಣೀರು ಉಪ್ಪು ಎಂದು ನಾನೇ ಹಿಂದೆ ಹೇಳಿಕೊಟ್ಟಿದ್ದೆ.

ಅಂದಿನಿಂದ ಅರ್ಧ ಮೈಲಿ ದೂರದಿಂದ ಕೊಡ ಹೊರುವ ಬಾಳು. ಅತ್ತೆ ಒಂದೇ ಒಂದು ಮಾತು ಅಂದರು: “ಒಡ್ಡು ಕಾಯೋದು ಮಣ್ಣಲ್ಲ ತಂಗೀ, ಅದರ ಆಚೆ ಇರೋ ಗಿಡ.” ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲವಲ್ಲ, ಅದೇ ಚುಚ್ಚಿತು.

ಮಾರನೆಯ ವರ್ಷ ಬೇಸಿಗೆಯಲ್ಲಿ ಹನ್ನೊಂದು ಮನೆಯವರು ಸೇರಿ ಮಣ್ಣು ಹಾಕಿ ಒಡ್ಡು ಕಟ್ಟಿದೆವು. ಜೂನಿನಲ್ಲಿ ನಾನು ಹೊರಟೆ ಕಾಂಡ್ಲಾ ನೆಡಲು. ಕಾಂಡ್ಲಾ ತನ್ನ ಬೀಜವನ್ನು ಬಸುರಿಯ ಹಾಗೆ ಹೊತ್ತುಕೊಂಡಿರುತ್ತದೆ. ಬೀಜ ಮರದಲ್ಲೇ ಮೊಳೆತು, ನುಗ್ಗೆಕಾಯಿಯಂಥ ಉದ್ದ ಕೋಲಾಗಿ, ಬಲಿತ ಮೇಲೆ ಕೆಸರಿಗೆ ಬೀಳುತ್ತದೆ. ಅಂಥ ಮುನ್ನೂರು ಕೋಲನ್ನು ಆಚೆ ದಡದಿಂದ ದೋಣಿಯಲ್ಲಿ ತರಿಸಿ, ಹಗ್ಗ ಹಿಡಿದು, ಗೆರೆ ಹಾಕಿ, ರಂಗೋಲಿ ಚುಕ್ಕಿಯ ಹಾಗೆ ನೆಟ್ಟೆ. ನೋಡಿದವರೆಲ್ಲ ಹೊಗಳಿದರು. ದೀಪಾವಳಿಗೆ ಎಣಿಸಿದೆ. ಹದಿನಾಲ್ಕು ಉಳಿದಿತ್ತು!

ಕೂತು ಅತ್ತೆ. ಆಗ ಬಂದವಳು ನೆರೆಕೇರಿಯ ಅಂಬಿಗರ ಅಕ್ಕ. ಅವಳ ಕೆಲಸ ಬೆಳಚು ಹೆಕ್ಕುವುದು. ಬೆಳಚೆಂದರೆ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ, ನಿಮ್ಮ ಕಡೆ ಮರುವಾಯಿ ಅನ್ನುತ್ತೀರೇನೋ. ಇಳಿತದ ಹೊತ್ತಿಗೆ ಸೊಂಟದಷ್ಟು ನೀರಿನಲ್ಲಿ ನಿಂತು ಕಾಲಲ್ಲೇ ತಡಕಿ ತೆಗೆಯುತ್ತಾಳೆ. ಒಂದಕ್ಷರ ಓದಿಲ್ಲ. ಅವಳು ನನ್ನ ಸಾಲು ನೋಡಿ ನಕ್ಕಳು.

“ಎಂತ ಮಾಡಿಟ್ಟಿದ್ಯೇ ತಂಗಿ? ಇದು ಸದಾ ನೀರು ನಿಲ್ಲೋ ಜಾಗ. ಇಲ್ಲಿ ಕಾಂಡ್ಲಾ ಉಸಿರು ಕಟ್ಟಿ ಸಾಯ್ತದೆ. ಅದಾಗೇ ಎಲ್ಲಿ ಬಂದದೆ, ಅದ್ನ ಮೊದ್ಲು ನೋಡು.”

ಉಳಿದವನ್ನು ಕಿತ್ತು ತೋರಿಸಿದಳು. ಕಾಂಡಕ್ಕೆಲ್ಲ ಕಲ್ಲಿನಂಥ ಚಿಪ್ಪುಹುಳ ಹತ್ತಿ ಭಾರಕ್ಕೆ ಬಗ್ಗಿತ್ತು. ಸ್ವಲ್ಪ ಮೇಲೆ ನೆಟ್ಟವನ್ನು ದನ ತಿಂದಿತ್ತು. ಹರಿದ ಬಲೆ ಸುತ್ತಿಕೊಂಡು ಕೆಲವು ಹೋಗಿದ್ದವು. ಆಮೇಲೆ ನನ್ನನ್ನು ಹಳೇ ಕೋಡಿಯ ಹತ್ತಿರ ಕರೆದೊಯ್ದಳು. ಗುತ್ತಿಗೆದಾರರು ಅಡ್ಡ ಹಾಕಿಸಿದ ಮಣ್ಣಿನ ಆಚೆ ಭರತ ಬಂದು ನಿಲ್ಲುತ್ತಿತ್ತು, ಈಚೆ ಹದಿನೈದು ವರ್ಷದಿಂದ ನೀರಾಡದೆ ನೆಲ ಬಿಳಿಯುಪ್ಪು ಕಟ್ಟಿ ಬಿರುಕು ಬಿಟ್ಟಿತ್ತು. ಏಡಿಯ ಒಂದು ತೂತು ಕೂಡ ಇಲ್ಲ. ಅಕ್ಕ ಕಾಲಲ್ಲಿ ಮಣ್ಣು ಒದ್ದು ಹೇಳಿದಳು, “ಇದ್ನ ಬಿಡಿಸು. ಗಿಡ ನೀ ತರೂದು ಬ್ಯಾಡ. ನೀರೇ ತರ್ತದೆ.”

ಸೋದರಿಯರೇ, ಈ ಒಂದು ಮಾತಿಗಾಗಿಯೇ ನಾನು ಇಷ್ಟು ದೊಡ್ಡ ಪತ್ರ ಬರೆಯುತ್ತಿರುವುದು.

ಪಂಚಾಯತಿಯಲ್ಲಿ ಹೇಳಿ, ಹತ್ತು ಹೆಂಗಸರು ಹಾರೆ-ಬುಟ್ಟಿ ಹಿಡಿದು, 2011ರ ಬೇಸಿಗೆಯಲ್ಲಿ ಆ ಅಡ್ಡ ಒಡ್ಡನ್ನು ಬಿಡಿಸಿದೆವು. ಒಂಬತ್ತು ದಿನದ ಕೆಲಸ. ಅಡುಗೆ ಮುಗಿಸಿ, ಇಳಿತ ನೋಡಿ ಹೋಗುವುದು, ಭರತ ಏರುವಾಗ ವಾಪಸು. ಗಂಡಸರು ಮೊದಲು ನಕ್ಕರು, ಆರನೆಯ ದಿನ ತಾವೂ ಬಂದರು. ಕಡೆಯ ಬುಟ್ಟಿ ಮಣ್ಣು ಎತ್ತಿದಾಗ ನೀರು ಒಳಗೆ ಬಂದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುನಿಸಿಕೊಂಡು ತವರಿಗೆ ಹೋದವಳು ಅಳುಕುತ್ತಾ ಹೊಸ್ತಿಲು ದಾಟುವ ಹಾಗೆ, ಮೆಲ್ಲಗೆ, ನಾಲ್ಕು ಕಡೆ ನೋಡುತ್ತಾ ಬಂತು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಬಿಳಿಯುಪ್ಪಿನ ನೆಲದ ಮೇಲೆ ಉಪ್ಪಟಿಯ ಬೀಜ ತೇಲಿ ಬಂದು ಕೂತವು. ಉಪ್ಪಟಿ ಕಾಂಡ್ಲಾದ ಬಂಧು. ಅದರ ಬೇರು ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಮೇಲೆ ಬಂದು ಉಸಿರಾಡುತ್ತದೆ. ನಾವು ಯಾರೂ ನೆಟ್ಟದ್ದಲ್ಲ! ಅದು ಬಂದ ಮೇಲೆ, ಅಕ್ಕ ತೋರಿಸಿದ ಎತ್ತರದಲ್ಲಿ, ಭರತಕ್ಕೆ ಮುಳುಗಿ ಇಳಿತಕ್ಕೆ ತೇಲುವ ಜಾಗದಲ್ಲಿ ಮಾತ್ರ ಕಾಂಡ್ಲಾ ನೆಟ್ಟೆವು. ಅರಣ್ಯ ಇಲಾಖೆಯವರೂ ಪಾಕೀಟಿನ ಸಸಿ ಕೊಟ್ಟರು. ದನ ಬಾರದ ಹಾಗೆ ಬಿದಿರಿನ ಬೇಲಿ. ಎರಡು ವರ್ಷ ಸಿಕ್ಕಿಕೊಂಡ ಬಲೆ, ಪ್ಲಾಸ್ಟಿಕ್ ಬಿಡಿಸುವುದೇ ಕೆಲಸ. ಈ ಸಲ ನೂರಕ್ಕೆ ಅರವತ್ತು ಉಳಿಯಿತು.

ಮೊದಲು ಬಂದದ್ದು ಏಡಿ. ಅವು ತೂತು ಕೊರೆದು ಕೆಸರಿಗೆ ಗಾಳಿ ಆಡಿಸುತ್ತವೆ. ಉದುರಿದ ಎಲೆ ಕೊಳೆತು ಸಣ್ಣ ಜೀವಗಳಿಗೆ ಊಟವಾಗುತ್ತದೆ. ಸಿಗಡಿ ಮೊಟ್ಟೆಯಿಡುವುದು ಸಮುದ್ರದಲ್ಲಿ, ಆದರೆ ಕೂದಲಿನಷ್ಟು ಸಣ್ಣ ಮರಿಗಳು ಭರತದ ಜೊತೆ ಅಳಿವೆಗೆ ಬಂದು, ಕಾಂಡ್ಲಾ ಬೇರಿನ ಸಂದಿಯಲ್ಲಿ ದೊಡ್ಡ ಮೀನಿನ ಬಾಯಿಂದ ತಪ್ಪಿಸಿಕೊಂಡು, ತಿಂದು ಬೆಳೆದು, ಮತ್ತೆ ಸಮುದ್ರಕ್ಕೆ ಹೋಗುತ್ತವೆ. ಬಾಣಂತನಕ್ಕೆ ತವರಿದ್ದ ಹಾಗೆ, ಅಲ್ಲವೇ? ತವರಿನ ಮನೆ ಕೆಡವಿದರೆ ಸಮುದ್ರದಲ್ಲಿ ಬಲೆ ಎಸೆದವನಿಗೂ ಏನೂ ಸಿಗುವುದಿಲ್ಲ. ಐದಾರು ವರ್ಷದಲ್ಲಿ ಕೋಡಿಯಲ್ಲಿ ನೊಗಲಿ, ಕಾಗಲಸಿ ಮೀನಿನ ಮರಿ ಕಂಡವು. ಬೆಳ್ಳಕ್ಕಿ, ಮಿಂಚುಳ್ಳಿ ಬಂದವು. ಒಂದು ಬೆಳಗಿನ ಜಾವ ಇವರು ಓಡಿಬಂದು, “ಬೇಗ ಬಾ, ನೀರುನಾಯಿ!” ಅಂದರು. ನಾನು ಒಲೆಯ ಮೇಲೆ ದೋಸೆ ಬಿಟ್ಟು ಓಡಿದೆ. ದೋಸೆ ಸೀದುಹೋಯಿತು, ನೀರುನಾಯಿಯ ಬಾಲ ಮಾತ್ರ ಕಂಡಿತು. ಆದರೂ ನಷ್ಟವಿಲ್ಲ. ಸಂಬಂಧಿಕರ ಮನೆಯಿಂದ ಎರಡು ಸೇರು ಕಗ್ಗದ ಬೀಜ ಬೇಡಿ ತಂದು ಒಡ್ಡಿನ ಒಳಗೂ ಬಿತ್ತಿದೆವು.

ಎಲ್ಲ ಸುಖವಾಯಿತು ಎಂದು ಇಲ್ಲಿಗೇ ಮುಗಿಸಿದರೆ ಸುಳ್ಳು ಹೇಳಿದ ಹಾಗಾಗುತ್ತದೆ.

2021ರಲ್ಲಿ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಫೀ ಎಷ್ಟೆಂದು ಕೇಳಿ ನಮ್ಮ ಎದೆ ಒಡೆಯಿತು. ಅದೇ ವಾರ ಇನ್ನೊಬ್ಬ ಗುತ್ತಿಗೆದಾರರು ಮನೆಗೆ ಬಂದರು. ಈಗ ಹಳೇ ಸಿಗಡಿ ಅಲ್ಲ, 2009ರಲ್ಲಿ ನಮ್ಮ ದೇಶದಲ್ಲಿ ಸಾಕಲು ಒಪ್ಪಿಗೆ ಸಿಕ್ಕ ವನಾಮಿ ಎಂಬ ಹೊರದೇಶದ ಸಿಗಡಿ. ಗಜನಿಗೆ ಐದು ವರ್ಷದ ಹಣ ಮುಂಗಡ. ಒಂದೇ ಷರತ್ತು, ಯಂತ್ರ ಬರಲು ಒಡ್ಡಿನ ಮೇಲಿನ, ಹೊರಗಿನ ಕಾಂಡ್ಲಾ ತೆಗೆಯಬೇಕು. “ಕಡಿಯುವುದಕ್ಕೆ ಕಾನೂನು ಬಿಡುವುದಿಲ್ಲವಲ್ಲ” ಎಂದೆ. “ಅಷ್ಟು ಒಳಗೆ ಬಂದು ಯಾರು ನೋಡ್ತಾರೆ ಅಕ್ಕ?” ಎಂದರು.

ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆಯಿಲ್ಲ. ಇವರು ಕೆಟ್ಟವರಲ್ಲ, ಮಗಳ ತಂದೆ. “ಗಿಡ ಮತ್ತೆ ನೆಡಬಹುದು, ಸೀಟು ಮತ್ತೆ ಬರ್ತದಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕಾಂಡ್ಲಾಕ್ಕಾಗಿ ಮಗಳ ಓದು ನಿಲ್ಲಿಸುವ ತಾಯಿ ಎಂಥವಳು? ನೀವೇ ಹೇಳಿ. ಬೆಳಿಗ್ಗೆ ಮಗಳೇ ಬಾವಿಕಟ್ಟೆಗೆ ಬಂದು, “ಅಮ್ಮಾ, ನಾನು ಆರು ವರ್ಷದವಳಿದ್ದಾಗ ನೀನು ಹೊತ್ತ ಕೊಡ ನನಗೆ ನೆನಪಿದೆ. ಬೇರೆ ದಾರಿ ನೋಡುವಾ” ಅಂದಳು.

ಬೇರೆ ದಾರಿಯೆಂದರೆ ನನ್ನ ನಾಲ್ಕು ಬಳೆ. ಸೊಸೈಟಿಯಲ್ಲಿ ಅಡವಿಟ್ಟೆ. ಉಳಿದದ್ದಕ್ಕೆ ಸ್ವಸಹಾಯ ಸಂಘದ ಸಾಲ. ಗಜನಿಯ ಮೀನಿನ ಹರಾಜಿನಲ್ಲಿ ವರ್ಷ ವರ್ಷ ಬಂದ ಪಾಲಿನಿಂದ 2024ರಲ್ಲಿ ಎರಡು ಬಳೆ ಬಿಡಿಸಿಕೊಂಡೆ. ಇನ್ನೆರಡು ಅಲ್ಲೇ ಇವೆ. ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ನಾನು ಮಾಡಿದ್ದೇ ಸರಿ, ಎಲ್ಲರೂ ಹೀಗೇ ಮಾಡಿ ಎಂದು ಹೇಳಲಾರೆ. ಬಳೆ ಇಲ್ಲದವಳು ಏನು ಮಾಡಬೇಕಿತ್ತು ಎಂದು ಈಗಲೂ ಯೋಚಿಸುತ್ತೇನೆ. ಪಕ್ಕದ ಮನೆಯವರು ಗುತ್ತಿಗೆಗೆ ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಮನೆಯಲ್ಲಿ ಕಾಯಿಲೆಯಿತ್ತು.

2024ರ ಜನವರಿ ಕೊನೆಯಲ್ಲಿ ಪೇಪರಿನಲ್ಲಿ ನಮ್ಮ ಅಳಿವೆಯ ಹೆಸರು ಬಂತು. ರಾಮ್ಸರ್ ತಾಣವಂತೆ. 1971ರಲ್ಲಿ ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ದೇಶ ದೇಶಗಳು ಸೇರಿ ಜೌಗು ನೆಲ ಕಾಪಾಡಬೇಕೆಂದು ಒಪ್ಪಂದ ಮಾಡಿಕೊಂಡಿದ್ದವು. ಆ ಪಟ್ಟಿಗೆ 2022ರಲ್ಲಿ ನಮ್ಮ ರಾಜ್ಯದಿಂದ ರಂಗನತಿಟ್ಟು ಸೇರಿತ್ತು. ಈಗ ಅಘನಾಶಿನಿ ಅಳಿವೆಯ 4,801 ಹೆಕ್ಟೇರು, ಜೊತೆಗೆ ಮಾಗಡಿ ಕೆರೆ, ಅಂಕಸಮುದ್ರ. ಅಂಬಿಗರ ಅಕ್ಕನಿಗೆ ಓದಿ ಹೇಳಿದೆ. “ಹಂಗಾರೆ ಬೆಳಚು ಜಾಸ್ತಿ ಆಗ್ತದಾ?” ಎಂದು ಕೇಳಿದಳು.

ನೋಡಿ, ಅವಳ ಪ್ರಶ್ನೆಯೇ ಸರಿ. 2008ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಲೆಕ್ಕ ಹಾಕಿದಾಗ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಬೆಳಚು ಮುಂತಾದ ಚಿಪ್ಪುಜೀವಿ ಸಿಗುತ್ತಿತ್ತು, ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದರಿಂದ ನೇರ ಕೆಲಸವಿತ್ತು. ಈಗ ಅಕ್ಕನ ಬುಟ್ಟಿ ಅರ್ಧವೂ ತುಂಬದ ದಿನಗಳಿವೆ. ಉಗುರಿನಷ್ಟು ಸಣ್ಣ ಮರಿಯನ್ನೂ ಹೆಕ್ಕಿ ಮಾರುವುದು ಶುರುವಾಗಿದೆ. ಕೊಳ್ಳುವವರು ಯಾರು? ನಾವೇ, ಅಡುಗೆಮನೆಯವರು! ಕಡಿಮೆ ಬೆಲೆಗೆ ಬಂತೆಂದು ನಾನೂ ಒಂದು ಸಲ ಕೊಂಡಿದ್ದೇನೆ. ಬೇಯಿಸಿದರೆ ಚಿಪ್ಪು ಜಾಸ್ತಿ, ಮಾಂಸ ಸಾಸಿವೆಯಷ್ಟು. ಆಮೇಲೆ ನಮ್ಮ ಸಂಘದಲ್ಲಿ ಒಂದು ಮಾತು ಮಾಡಿಕೊಂಡೆವು. ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣ ಬೆಳಚು ಬುಟ್ಟಿಯಲ್ಲಿ ಕಂಡರೆ ಕೊಳ್ಳುವುದಿಲ್ಲ. ಅಕ್ಕನೂ ಒಪ್ಪಿ, ಸಣ್ಣದನ್ನು ಅಲ್ಲೇ ಬಿಟ್ಟು ಬರುತ್ತಾಳೆ. ದೊಡ್ಡದಕ್ಕೆ ನಾವು ಎರಡು ಕಾಸು ಹೆಚ್ಚು ಕೊಡುತ್ತೇವೆ. ಚೌಕಾಸಿ ಮಾಡದೆ ಹೆಚ್ಚು ಕೊಡುವುದು ಮೊದಮೊದಲು ಬಹಳ ಕಷ್ಟವಾಯಿತು!

ನಿಮ್ಮಲ್ಲಿ ಮೀನು ತಿನ್ನದವರೂ ಇದ್ದೀರಿ, ಸಮುದ್ರವನ್ನೇ ನೋಡದವರೂ ಇದ್ದೀರಿ. ನಿಮಗೇಕೆ ಈ ಕಥೆ? ನಿಮ್ಮೂರ ಪಕ್ಕದಲ್ಲಿ ಕೆರೆಯಿದೆ, ಹಳ್ಳವಿದೆ, ಅದಕ್ಕೆ ನೀರು ಬರುವ ಕಾಲುವೆಯಿದೆ. ಪರಿಸರ ದಿನ ಬಂದರೆ ಎಲ್ಲರೂ ಸಸಿ ನೆಟ್ಟು ಫೋಟೋ ತೆಗೆಸುತ್ತಾರೆ. ಒಳ್ಳೆಯದೇ. ಆದರೆ ಮೊದಲು ಕಾಲುವೆಯ ಬಾಯಿಗೆ ಯಾರಾದರೂ ಮಣ್ಣು ಹಾಕಿದ್ದಾರೆಯೇ ನೋಡಿ. ನೀರಿನ ದಾರಿ ಮುಚ್ಚಿ ಗಿಡ ನೆಟ್ಟರೆ ಅದು ನನ್ನ ಮೊದಲ ವರ್ಷದ ರಂಗೋಲಿಯ ಹಾಗೆ. ಮತ್ತೆ ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್, ಮಗುವಿನ ಪ್ಯಾಡು ಎಲ್ಲಿಗೆ ಹೋಗುತ್ತದೆ ಎಂದರೆ, ನಮ್ಮ ಕಾಂಡ್ಲಾದ ಕೊರಳಿಗೆ. ನಾನೇ ಬಿಡಿಸುವವಳು, ಅದಕ್ಕೇ ಹೇಳುತ್ತೇನೆ.

ಬಾವಿಯ ವಿಷಯ ಹೇಳಲೇ ಇಲ್ಲ. ಒಡ್ಡು ಗಟ್ಟಿಯಾಗಿ ನಿಂತ ಮೇಲೆ ಪ್ರತಿ ವರ್ಷದ ಮಳೆ ಬಾವಿಯ ಉಪ್ಪನ್ನು ಸ್ವಲ್ಪ ಸ್ವಲ್ಪ ತೊಳೆಯುತ್ತಾ ಬಂತು. ಮೊದಲು ಕಾರ್ತಿಕದವರೆಗೆ ಸಿಹಿ ಇರುತ್ತಿತ್ತು, ಆಮೇಲೆ ಸಂಕ್ರಾಂತಿವರೆಗೆ. ಅತ್ತೆಗೆ ಈಗ ಎಂಬತ್ತು ದಾಟಿದೆ. ಪ್ರತಿ ಯುಗಾದಿಗೆ ಬೇವು-ಬೆಲ್ಲಕ್ಕಿಂತ ಮೊದಲು ಬಾವಿಯ ನೀರು ಒಂದು ಗುಟುಕು ಕೇಳುತ್ತಾರೆ. ಬಾಯಿಯಲ್ಲಿ ಆಡಿಸಿ, “ಇನ್ನೂ ಅದೆ” ಅನ್ನುತ್ತಾರೆ.

ಈ ವರ್ಷದ ಯುಗಾದಿಗೂ ಲೋಟ ಕೊಟ್ಟು ಎದುರು ನಿಂತೆ. ಕುಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಸಾರಿಗೆ ಆಗ್ತದೆ. ಉಪ್ಪು ಮಾತ್ರ ನೋಡಿ ಹಾಕು” ಅಂದರು.

ಆ ದಿನ ಹದಿನೈದು ವರ್ಷದ ಮೇಲೆ ಮೊದಲ ಬಾರಿ, ಯುಗಾದಿಯ ಅಡುಗೆಗೆ ಮನೆಯ ಬಾವಿಯ ನೀರು ಸೇದಿದೆ. ಬೇಳೆ ಬೆಂದಿತು.